ಮಾವನ ಬೆವರು

ಕೆಲಸ ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಅಂಕಲಿಯ ನಮ್ಮ ಸೋದರಮಾವನನ್ನು ಮೀರಿಸುವವರು ಕೃಷ್ಣೆಯ ಎರಡೂ ದಡದಲ್ಲಿ ಇರಲಿಲ್ಲ! ಮೇವಿನ ಹೊರೆ ಎತ್ತಲು ಬಗ್ಗಿದರೆ ಸಾಕು, ಮುಖ ಬಿಳಿಚಿ ಬೆವರು ಧಾರಾಕಾರ ಸುರಿಯುತ್ತಿತ್ತು. “ಎದ್ಯಾಗ ಹಲಗಿ ಬಾರಸಾಕತ್ತೈತಲೇ” ಎಂದು ಒದ್ದೆ ಅಂಗೈಯಿಂದ ನನ್ನ ಕೈ ಹಿಡಿಯುತ್ತಿದ್ದ. ಹತ್ತು ನಿಮಿಷಕ್ಕೆ ಎಲ್ಲ ಮಾಯ. ಅಷ್ಟರಲ್ಲಿ ಹೊರೆ ನನ್ನ ತಲೆಯ ಮೇಲಿರುತ್ತಿತ್ತು.

“ನಿಮ್ಮ ಮಾವಗ ಹೊರಿ ಕಂಡ್ರ ಬ್ಯಾನಿ ಬರತೈತಿ” ಎಂದು ಅತ್ತೆ ನಗುತ್ತಿದ್ದಳು. ನಾನಂತೂ ಅದರ ನಕಲಿನಲ್ಲೇ ಹೆಸರು ಮಾಡಿದೆ. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಮಾವನಂತೆ ನರಳಿ, ಕೈಯನ್ನು ಅಂಗಿಗೆ ಒರೆಸಿಕೊಂಡರೆ ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾವನೇ!

ಮಿರಜ ಕಡೆಯಿಂದ ತಂದ ಎಮ್ಮೆಗೆ ಕನ್ನಡ ಬಾರದೆಂದು ಅದರೊಡನೆ ಅವನದು ಬರೀ ಮರಾಠಿ. ಒಂದು ದಿನ ಮರೆತು ಕನ್ನಡದಲ್ಲಿ “ಅತ್ಲಾಗ ಸರಿ ಬೇ” ಅಂದ. ಒದೆಯಿತು! ಪಕ್ಕೆಲುಬು ಮುರಿದಿರಬಹುದೆಂದು ಚಿಕ್ಕೋಡಿಯಲ್ಲಿ ಸ್ಕ್ಯಾನ್ ಮಾಡಿಸಿದೆವು.

“ಎಲುಬು ಗಟ್ಟಿ ಅದಾವ್ರಿ. ಆದ್ರ ಕಿಡ್ನಿ ಮ್ಯಾಲಿನ ಅಡ್ರಿನಲ್ ಗ್ರಂಥ್ಯಾಗ ಒಂದು ಗಂಟು ಕಾಣಾಕತ್ತೈತಿ” ಎಂದರು ಡಾಕ್ಟರು. “ಹಿಂಗ ಅಚಾನಕ್ ಸಿಗೂ ಗಂಟು ಬಹಳಷ್ಟು ಏನೂ ಮಾಡೂದಿಲ್ಲ. ಆದ್ರ ಕೆಟ್ಟ ಗಂಟ ಏನು, ರಕ್ತಕ್ಕ ಹಾರ್ಮೋನ್ ಏನರ ಸುರಸಾಕತ್ತೈತೇನು, ಎರಡೂ ನೋಡಬೇಕು. ಒಮ್ಮಿಂದೊಮ್ಮೆಲೆ ಬೆವರು, ತಲಿಬ್ಯಾನಿ, ಎದಿ ಬಡಿತ ಬರತಾವೇನ್ರಿ?”

ನಾನು ಗಾಬರಿಯಿಂದ ಮಾವನ ಕಡೆ ನೋಡಿದೆ. ಮಾವ ಮಾತ್ರ ಹಿಗ್ಗಿ, “ನನಗ ಹೇಳಾಕ ಬರೂದಿಲ್ರಿ. ನಮ್ಮ ಅಳ್ಯಾ ಭಾಳ ಚಂದ ಮಾಡಿ ತೋರಸ್ತಾನ. ಮಾಡಲೇ!” ಅಂದ.

ಮಾಡಿದೆ. ಡಾಕ್ಟರು ನಗಲಿಲ್ಲ. ನಾನು ನೋಡಿ ನೋಡಿ ಕಲಿತದ್ದನ್ನೆಲ್ಲ ಅವರು ಒಂದೊಂದಾಗಿ ಬರೆದುಕೊಂಡರು.

ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಕೂಡಿಡಲು ದೊಡ್ಡ ಕ್ಯಾನ್ ಕೊಟ್ಟಿದ್ದರು. ಮಾವ ತಂದದ್ದು ಒಂದು ಸಣ್ಣ ಬಾಟಲಿ! ಉಳಿದದ್ದೆಲ್ಲಿ ಎಂದರೆ, “ಚೆಲ್ಲಿದ್ನಿರಿ. ಚಲೋತ್ನಂಗ ಕಲಸಿ ಸ್ಯಾಂಪಲ್ ತಂದೇನಿ. ಡೈರ್ಯಾಗ ಕ್ಯಾನ್ ಹಾಲಿಗೆ ಇಷ್ಟ ಸಾಕಾಗತೈತಿ!” ಲ್ಯಾಬಿನ ಹುಡುಗಿ ಹಣೆ ಹಣೆ ಬಡಿದುಕೊಂಡಳು. ಮತ್ತೊಂದು ದಿನ ಕೂಡಿಡಬೇಕಾಯಿತು.

ಗಂಟು ರಕ್ತಕ್ಕೆ ಹಾರ್ಮೋನ್ ಸುರಿಸುತ್ತಿತ್ತು. ಹೊರೆಗೆ ಬಗ್ಗಿದಾಗಲೆಲ್ಲ ಬಿ.ಪಿ. ಏರಿಸುತ್ತಿತ್ತಂತೆ. ಯಾವ ಹೊತ್ತಿನಲ್ಲಾದರೂ ಜೀವ ಹೋಗಬಹುದಿತ್ತು ಎಂದರು. ಮೊದಲು ಕೆಲವು ವಾರ ಗುಳಿಗೆ, ಆಮೇಲೆ ಆಪರೇಷನ್. ಗಂಟು ಹೋಯಿತು, ಮಾವ ಉಳಿದ. ನಾನು ಅಷ್ಟು ವರ್ಷ ಅವನ ನರಳಾಟ ಕಲಿತೆ. “ಯಾಕ ಮಾವಾ, ಏನಾಗತೈತಿ?” ಎಂದು ಒಮ್ಮೆಯೂ ಕೇಳಲಿಲ್ಲ.

ಮೊನ್ನೆ ಕರೋಶಿಯ ಮದುವೆಯಲ್ಲಿ ಊಟ ಮುಗಿಯಿತು. ಮಂದಿ ಮಾವನ ನಕಲು ಕೇಳಿದರು. ಎದ್ದು ನಿಂತೆ, ಎದೆಗೆ ಕೈ ಹೋಯಿತು. ಮುಂದೆ ಆಗಲಿಲ್ಲ. ಕಣ್ಣು ತುಂಬಿ ಬಂತು.

ಮಾವ ಬಂದು ನನ್ನ ಕೈ ಹಿಡಿದ. “ಹುಚ್ಚಪ್ಪಾ, ಅಳತಿ ಯಾಕ? ನೀ ಅಷ್ಟು ಚಂದ ಮಾಡಿದ್ದಕ್ಕ ಡಾಕ್ಟರಗ ತಿಳೀತು.”

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅವನ ಅಂಗೈ ಒಣಗಿತ್ತು. ಒದ್ದೆಯಾಗಿದ್ದದ್ದು ನನ್ನದು.