ಎದ್ದೇಳಲು ಬಿಡದ ಬೆಂಚು

ತೂರೆ ಎಕ್‌ವಾಲನ ಬಿಳಿ ಅಂಗಿಯ ಮೇಲೆ ಬೆಳಗಿನ ಕಾಫಿ ಚೆಲ್ಲಿತು. ಬೇರೆ ದಿನವಾಗಿದ್ದರೆ ಒರೆಸಿಕೊಂಡು ಸುಮ್ಮನಾಗುತ್ತಿದ್ದ. ಇವತ್ತು ಮೂರು ಗಂಟೆಗೆ ಸ್ವೀಡನ್ನಿನ ವೆಸ್ಟೆರೋಸ್ ಊರಿನ ಪುರಭವನದಲ್ಲಿ ವರ್ಷದ ವಾಸ್ತುಶಿಲ್ಪಿ ಎಂದು ಅವನಿಗೆ ಸನ್ಮಾನ. ನಲವತ್ತು ವರ್ಷ ಊರಿಗೆಲ್ಲ ಮನೆ ಕಟ್ಟಿದ ಪುಣ್ಯಾತ್ಮ ತನಗೆಂದು ಎರಡನೆಯ ಒಳ್ಳೆ ಅಂಗಿ ಕೊಂಡಿರಲಿಲ್ಲ.

ಪ್ರಶಸ್ತಿ ಬಂದದ್ದು ಅವನು ಕಟ್ಟಿ, ಅವನೇ ವಾಸವಿದ್ದ ಕಟ್ಟಡಕ್ಕಾಗಿ. ಉಳಿದ ವಾಸ್ತುಶಿಲ್ಪಿಗಳು, ಎಲ್ಲ ಮನೆಯವರೂ ಸರದಿಯಂತೆ ಬಟ್ಟೆ ಒಗೆಯುವ ಕೋಣೆಯನ್ನು ನೆಲಮಾಳಿಗೆಗೆ ತಳ್ಳಿದರೆ, ಇವನು ಮೇಲಂತಸ್ತಿಗೆ ಏರಿಸಿ, ಸರೋವರದ ಕಡೆಗೆ ಗೋಡೆಯಗಲದ ಕಿಟಕಿ ಇಟ್ಟು, ಅದರಡಿ ಪೈನ್ ಮರದ ಬೆಂಚು ಹಾಕಿಸಿದ್ದ. ಎಂಥ ಬೆಂಚು ಅಂತೀರಿ! ಕೂತವರ ಬೆನ್ನುನೋವು ಅದಕ್ಕೆ ಮೊದಲೇ ಗೊತ್ತಿದ್ದಂತಿತ್ತು.

ಹತ್ತರಿಂದ ಒಂದರವರೆಗೆ ತೂರೆಯ ಸರದಿ. ಹೋಗಿ ನೋಡಿದರೆ, ಹತ್ತಕ್ಕೇ ಸರದಿ ಮುಗಿದ ನೆರೆಮನೆಯ ಗುನ್ವೊರ್ ಫ್ಲಾಸ್ಕು ಹಿಡಿದು ಆರಾಮಾಗಿ ಕೂತಿದ್ದಾಳೆ. ಪಕ್ಕದಲ್ಲಿ, ಸರದಿಯೇ ಇಲ್ಲದ ಮುದುಕ ರಾಗ್ನರ್ ಏಲಕ್ಕಿ ಬನ್ನು ತಿನ್ನುತ್ತಿದ್ದಾನೆ.

"ನಿನ್ನ ಹೊತ್ತು ಮುಗೀತಲ್ಲ ಗುನ್ವೊರ್?"

"ನಿಂದೇ ತಪ್ಪು ಕಣಯ್ಯ. ಇಂಥ ಬೆಂಚು ಮಾಡಿಟ್ಟು ಏಳು ಅಂದ್ರೆ ಹೆಂಗೆ ಏಳೋದು? ಅದಕ್ಕೇ ಪರದೆಗಳನ್ನೂ ಒಗೆಯೋಕೆ ಹಾಕ್ಬಿಟ್ಟೆ."

"ಹೆಂಡ್ತಿ ಹೋದ ಮೇಲೆ ನಾನು ಬಾಯಿ ಬಿಡೋದು ಇಲ್ಲೊಂದೇ ಕಡೆ," ಎಂದ ರಾಗ್ನರ್. "ಕೂತ್ಕೋ ತೂರೆ, ಬನ್ನು ತಗೋ."

ತೂರೆಯ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಅಂಗಿ ನೆನಪಾಗಿ ಸಿಟ್ಟು ನೆತ್ತಿಗೇರಿತು. ಆ ಕಟ್ಟಡದಲ್ಲಿ ಯಾರೂ ಬಾಯಲ್ಲಿ ಜಗಳವಾಡುವುದಿಲ್ಲ, ಏನಿದ್ದರೂ ಚೀಟಿಯಲ್ಲೇ. ತೂರೆಯೂ ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದ: 'ಇನ್ನು ಮುಂದೆ ಸರದಿ ಮೀರಿದವರಿಗೆ ಒಂದು ತಿಂಗಳು ಈ ಕೋಣೆ ಇಲ್ಲ.' ಗುನ್ವೊರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಹಾಕಿದಳು. ರಾಗ್ನರನೂ ಹಾಕಿದ.

ಅಂತೂ ಹನ್ನೆರಡಕ್ಕೆ ಒಗೆದ ಅಂಗಿ, ಬಟ್ಟೆ ಒಣಗಿಸುವ ಬೀರು ಸೇರಿತು. ಎರಡೇ ನಿಮಿಷ ಎಂದುಕೊಂಡು ತೂರೆ ಬೆಂಚಿಗೆ ಒರಗಿದ. ಮೇ ತಿಂಗಳ ಬಿಸಿಲು ಹಿತವಾಗಿತ್ತು, ಕೆಳಗೆ ಮೇಲಾರೆನ್ ಸರೋವರ ಹೊಳೆಯುತ್ತಿತ್ತು. ಇದನ್ನು ಕಟ್ಟಿದ್ದು ನಾನೇನಾ ಎಂದು ಅವನಿಗೇ ಬೆರಗಾಯಿತು.

ಕಣ್ಣು ಬಿಟ್ಟಾಗ ಐದು ಗಂಟೆ! ಬನಿಯನ್ನಿನ ಮೇಲೊಂದು ಚೀಟಿ: 'ನಿನ್ನ ಸರದಿ ಒಂದಕ್ಕೆ ಮುಗಿಯಿತು. ನಾವು ಪುರಭವನಕ್ಕೆ ಹೊರಟೆವು. ದಯವಿಟ್ಟು ಎದ್ದೇಳು.'

ಬಾಗಿಲಲ್ಲಿ ಗುನ್ವೊರ್ ಫ್ಲಾಸ್ಕು, ರಾಗ್ನರ್ ಪ್ರಶಸ್ತಿ ಫಲಕ ಹಿಡಿದು ನಿಂತಿದ್ದರು.

"ಒಬ್ಬರಾದ್ರೂ ಎಬ್ಬಿಸ್ಬಾರ್ದಿತ್ತಾ?"

"ಮಲಗಿರೋರನ್ನ ಮುಟ್ಟಿ ಎಬ್ಬಿಸೋಕಾಗುತ್ತಾ? ಚೀಟಿ ಬರೆದಿದ್ವಲ್ಲ," ಎಂದಳು ಗುನ್ವೊರ್. "ನಿನ್ನ ಬೆಂಚಲ್ಲಿ ನಿನಗೇ ನಿದ್ದೆ ಹತ್ತಿದೆ ಅಂದಿದ್ದಕ್ಕೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು ಕಣೋ! ಶನಿವಾರ ಊರ ಕೋಟೆಯಲ್ಲಿ ನಿನಗೇ ಅಂತ ಔತಣ ಇಟ್ಟಿದಾರೆ."

ತೂರೆ ಹಿಗ್ಗಿ ಹೀರೇಕಾಯಿಯಾದ. ಬೀರುವಿನಿಂದ ಅಂಗಿ ತೆಗೆದು ತೊಟ್ಟು ಇಬ್ಬರನ್ನೂ ತಬ್ಬಿಕೊಂಡ. ಗುನ್ವೊರ್ ಅವನಿಗೆಂದು ಆಗಷ್ಟೇ ಫ್ಲಾಸ್ಕಿನ ಮುಚ್ಚಳದ ತುಂಬ ಕಾಫಿ ಬಗ್ಗಿಸಿ ಹಿಡಿದಿದ್ದಳು. ಅಷ್ಟೂ ಅವನ ಎದೆಯ ಮೇಲೆ ಚೆಲ್ಲಿತು.

ನಗುತ್ತಲೇ ಅಂಗಿ ಬಿಚ್ಚಿ ಒಗೆಯುವ ಯಂತ್ರದ ಕಡೆ ಹೆಜ್ಜೆ ಇಟ್ಟ. ರಾಗ್ನರ್ ಮೆಲ್ಲಗೆ ಕೆಮ್ಮಿ, ಬಾಗಿಲ ಮೇಲಿನ ಚೀಟಿ ತೋರಿಸಿದ.

"ಒಂದು ತಿಂಗಳು, ತೂರೆ. ನಾವೂ ಸಹಿ ಹಾಕಿದೀವಿ."