ದುಬೈಯಲ್ಲಿ ಕೊಸರು

ನನ್ನ ಸೋದರತ್ತೆ ದುಬೈಯನ್ನು ನೋಡಲು ಹೋದವರಲ್ಲ, ತಿದ್ದಲು ಹೋದವರು! ಹರಿಹರದವರಾದ ಅವರಿಗೆ ಅಲ್ಲಿಯವರೆಗೆ ದಾವಣಗೆರೆಯೇ ಪರದೇಶವಾಗಿತ್ತು. ದಾವಣಗೆರೆ ಜಿಲ್ಲೆಯಾದ ಹೊಸತರಲ್ಲಿ, ಮಗಳ ಬಾಣಂತನಕ್ಕೆಂದು ಅವರು ವಿಮಾನವನ್ನೇ ಹತ್ತಿದರು. ಮನೆತನದ ಮೊದಲ ಪದವೀಧರನೆಂಬ ಕಾರಣಕ್ಕೆ, ಇಂಗ್ಲಿಷ್ ಮಾತನಾಡಲು ನನ್ನನ್ನು ಜೊತೆಗೆ ಕಳುಹಿಸಲಾಯಿತು.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅತ್ತೆಯ ಚೀಲವನ್ನು ಒತ್ತಿ ನೋಡಿ ಹುಬ್ಬೇರಿಸಿದ. ಒಳಗಿದ್ದದ್ದು ಮಂಡಕ್ಕಿ. ಅದನ್ನು ವಿವರಿಸಲು ನಾನೊಂದು ನಿರ್ದೋಷವಾದ ಇಂಗ್ಲಿಷ್ ವಾಕ್ಯವನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅತ್ತೆ ಅವನ ಅಂಗೈಗೆ ಒಂದು ಹಿಡಿ ಸುರಿದರು.

“ತಿನ್ರಿ, ನಾಚ್ಕಿ ಬ್ಯಾಡ.”

ಅವನು ತಿಂದ. ನನ್ನ ವಾಕ್ಯ ಇಂದಿಗೂ ಬಾಯಲ್ಲಿಯೇ ಇದೆ!

ಅತ್ತೆಯ ಮಗಳು ಆ ಊರಿಗೆ ಬಂದು ವರ್ಷ ಕಳೆದಿದ್ದರೂ ಒಬ್ಬಳೇ ಮನೆಯಿಂದ ಹೊರಬಿದ್ದವಳಲ್ಲ. ಗಂಡ ವರ್ಕ್‌ಶಾಪಿಗೆ ಹೋದನೆಂದರೆ ಸಂಜೆಯವರೆಗೆ ಗೋಡೆಗಳೇ ಗತಿ. ಸೊಪ್ಪನ್ನೂ ಅವನೇ ತರಬೇಕು. “ನಾನು ಹೋದ ಮ್ಯಾಲೆ ಇವಳು ಯಾರ ಜೊತೆ ಮಾತಾಡ್ತಾಳೋ?” ಎಂಬುದೊಂದೇ ಅತ್ತೆಯ ಕೊರಗು.

ಆದರೆ ಅವರು ಕೊರಗುತ್ತ ಕೂರುವವರೇ? ದಿನವೂ ಕೊಡೆ ಹಿಡಿದು, ನನ್ನನ್ನು ಎಳೆದುಕೊಂಡು ಪೇಟೆಗೆ ನಡೆದರು. ಮಳೆಯೇ ಕಾಣದ ಊರಿನಲ್ಲಿ ಕೊಡೆ ಏಕೆನ್ನುತ್ತೀರಾ? ದಾರಿ ಬಿಡಿಸಲು! ಇರಾನಿಗಳು, ಬಂಗಾಳಿಗಳು, ಮಲಯಾಳಿಗಳು, ಕೈಗಾಡಿ ನೂಕುವ ಹಮಾಲರು, ಅತ್ತರಿನ ಘಾಟು, ಒಣಮೀನಿನ ವಾಸನೆ. ಇವೆಲ್ಲದರ ನಡುವೆ ಮುಂದೆ ಕೊಡೆಯ ತುದಿ, ಹಿಂದೆ ಅತ್ತೆ, ಅವರ ಹಿಂದೆ ತಿವಿಸಿಕೊಂಡ ಒಬ್ಬೊಬ್ಬರಲ್ಲೂ ಕ್ಷಮೆ ಕೇಳುತ್ತ ನಾನು.

“ಏನು ಮಹಾ ಐತೆ ಇಲ್ಲಿ? ನಮ್ಮ ಹರಿಹರದ ಸಂತೆಗೆ ಛಾವಣಿ ಹಾಕಿದ್ರೆ ಇಷ್ಟೇ!”

ಪಠಾಣನೊಬ್ಬನ ಸೊಪ್ಪಿನ ಅಂಗಡಿಯಲ್ಲಿ ವ್ಯಾಪಾರ ಮುಗಿದರೂ ಅತ್ತೆ ಚೀಲದ ಬಾಯಿ ಮುಚ್ಚಲಿಲ್ಲ.

“ಏ ಭಾಯ್, ಕೊಸರು ಡಾಲೋ!”

“ಅತ್ತೆ, ಇಲ್ಲಿ ಹಾಗೆಲ್ಲ ಕೇಳಬಾರದು.”

“ಕೇಳದಿದ್ರೆ ಅವನಿಗೆ ನಮ್ಮ ಗುರ್ತು ಹೆಂಗೆ ಉಳಿತೈತೆ? ಸುಮ್ನಿರೋ, ಬಿ.ಎ. ಸಾಹೇಬ!”

ಪಠಾಣನಿಗೆ ಪದ ತಿಳಿಯಲಿಲ್ಲ, ತೆರೆದ ಚೀಲ ತಿಳಿಯಿತು. ನಕ್ಕು ಒಂದು ಕಟ್ಟು ಪುದೀನ ಎಸೆದ. ಕೆಲವೇ ದಿನಗಳಲ್ಲಿ ಕೊಡೆ ಕಂಡೊಡನೆ ಅವನೇ “ಅಮ್ಮಾ, ಕೊಸರು!” ಎಂದು ಕೂಗತೊಡಗಿದ.

ಹೆರಿಗೆ ಸಲೀಸಾಯಿತು. ಬಾಣಂತನವೂ ಒಂದು ಹಂತಕ್ಕೆ ಬಂದು, ವೀಸಾ ಮುಗಿಯುತ್ತ ಬಂತು. ಹೊರಡುವ ಹಿಂದಿನ ದಿನ ಕೂಸನ್ನು ಅಳಿಯನ ಮಡಿಲಿಗಿಟ್ಟು, ಅತ್ತೆ ಮಗಳನ್ನೂ ಪೇಟೆಗೆ ಹೊರಡಿಸಿದರು. ಅವಳು ನಮ್ಮಿಬ್ಬರ ಬೆನ್ನಿಗೆ ಅಂಟಿಕೊಂಡೇ ಬಂದಳು.

ಪಠಾಣ ಎಂದಿನಂತೆ ಪುದೀನ ಹಾಕಿದ. ಅತ್ತೆ ಅದನ್ನು ತೆಗೆದು ಅವನ ಮುಂದೆಯೇ ಇಟ್ಟರು! ಕೊಸರನ್ನು ಅವರು ಹಿಂದಿರುಗಿಸಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

“ಇದು ನಂಗೆ ಬ್ಯಾಡಪ್ಪ, ಇಟ್ಕೋ. ನಾಳೆಯಿಂದ ನನ್ನ ಮಗಳು ಬರ್ತಾಳೆ, ಅವಳಿಗೆ ಹಾಕು. ಅವಳು ಬಾಯಿಬಿಟ್ಟು ಕೇಳೋಳಲ್ಲ.”

ಇದನ್ನು ಹಿಂದಿಯಲ್ಲಿ ಹೇಗೆ ಹೇಳಲೆಂದು ನಾನು ತಡವರಿಸುತ್ತಿರುವಾಗ ಬೆನ್ನ ಹಿಂದಿನಿಂದ ದನಿ ಬಂತು.

“ಕೇಳ್ತೀನಿ ಬಿಡವ್ವಾ.”

ಅವಳು ಮುಂದೆ ಬಂದು ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡು, ಅದರ ಬಾಯಿ ಅಗಲಿಸಿ ಹಿಡಿದಳು.

“ಭಾಯ್... ಕೊಸರು.”

ಪಠಾಣ ಎರಡು ಕಟ್ಟು ಹಾಕಿದ.

ಛಾವಣಿಯ ಕೆಳಗೆ, ಅಷ್ಟೊಂದು ಜನರ ನಡುವೆ, ಅತ್ತೆ ಆ ಊರಿನಲ್ಲಿ ಮೊದಲ ಬಾರಿಗೆ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.