ಹೊಸ ಅಳಿಯನ ಕಾಗದದ ಹಕ್ಕಿ

ಅವಾಂತರ ಶುರುವಾದದ್ದು ಒಂದು ‘ಹೂಂ’ನಿಂದ. ಕ್ರಿಸ್‌ಮಸ್‌ಗೆ ನಿಮ್ಮ ಕೈಯಾರೆ ಏನಾದರೂ ಮಾಡಬೇಕು, ಮರೆಯಬೇಡಿ ಎಂದು ಹೊಸ ಹೆಂಡತಿ ತಿಂಗಳ ಹಿಂದೆಯೇ ಹೇಳಿದಾಗ ಬ್ರೇಕ್ ಮೇಷ್ಟ್ರು ಪೇಪರ್ ಓದುತ್ತಾ ಹೂಂ ಎಂದಿದ್ದರು. ವಾರ ಬಿಟ್ಟು ಶುರು ಮಾಡಿದಿರಾ ಎಂದು ಕೇಳಿದಾಗಲೂ ಹೂಂ. ಮುಗಿಯುತ್ತಾ ಬಂತೇ ಎಂದಾಗ ಹೂಂ ಎನ್ನದೆ ಬೇರೆ ದಾರಿಯೇ ಇರಲಿಲ್ಲ. ಹೀಗೆ ಒಂದು ಹೂಂ ಮರಿ ಹಾಕಿ, ಆ ಮರಿಗಳೂ ಮರಿ ಹಾಕಿ, ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಮನೆ ತುಂಬ ಓಡಾಡತೊಡಗಿದ್ದವು.

“ಸಂಜೆ ಕೆಲಸ ಮುಗಿಸ್ಕೊಂಡು ನೇರ ಅಮ್ಮನ ಮನೆಗೆ ಬಂದ್ಬಿಡಿ. ನಾನು ಈಗ್ಲೇ ಹೋಗಿರ್ತೀನಿ,” ಎಂದಳು ಹೆಂಡತಿ, ಜಡೆಗೆ ರಿಬ್ಬನ್ ಕಟ್ಟಿಕೊಳ್ಳುತ್ತಾ. “ನಿಮ್ಮದನ್ನ ತರೋದು ಮಾತ್ರ ಮರೀಬೇಡಿ ರೀ. ನಂಗೂ ತೋರಿಸ್ದೆ ಗುಟ್ಟಾಗಿಟ್ಟಿದ್ದೀರಲ್ಲ, ಅಕ್ಕನ ಹತ್ರ ಎಷ್ಟು ಹೊಗಳಿದ್ದೀನಿ ಗೊತ್ತಾ?”

ಹೂಂ ಎಂದರು ಮೇಷ್ಟ್ರು. ಈ ಸಲ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು.

ಮೇಷ್ಟ್ರು ಕಾರು ಓಡಿಸುವುದನ್ನು ಕಲಿಸುವವರು. ಕಲಿಯುವವರು ಸ್ಟಿಯರಿಂಗ್ ಹಿಡಿದರೆ ಇವರು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಬೇರೆಯಾಗಿ ಕೂಡಿಸಿದ ಬ್ರೇಕಿನ ಮೇಲೆ ಪ್ರಾಣವನ್ನೆಲ್ಲ ಇಟ್ಟುಕೊಂಡಿರುತ್ತಿದ್ದರು. ಹೆಸರು ಬಂದದ್ದು ಹಾಗೆ.

ಅತ್ತೆಯ ಮನೆಯಲ್ಲಿ ಒಂದು ಸಂಪ್ರದಾಯವಿತ್ತು. ಹೊಸದಾಗಿ ಮನೆಗೆ ಸೇರಿದವರು, ಅಳಿಯನಾಗಲಿ ಮೊಮ್ಮಗುವಾಗಲಿ, ತಮ್ಮ ಮೊದಲ ಕ್ರಿಸ್‌ಮಸ್‌ಗೆ ಕೈಯಾರೆ ಏನಾದರೊಂದು ಮಾಡಿ ಮರಕ್ಕೆ ತೂಗುಹಾಕಬೇಕು. ತೀರಿಹೋದ ಮಾವ ಮದುವೆಯಾದ ವರ್ಷ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಚಂದ್ರ ಇನ್ನೂ ಅಲ್ಲಿತ್ತು. ಮೊಮ್ಮಗಳು ಕೂಸಾಗಿದ್ದಾಗ ಬಣ್ಣದಲ್ಲಿ ಅದ್ದಿ ಒತ್ತಿಸಿದ ಅಂಗೈ ಗುರುತೂ ಇತ್ತು. ಹಿರಿಯ ಅಳಿಯ, ಅಂದರೆ ಮೇಷ್ಟ್ರ ಷಡ್ಡಕರು, ಮಾಡಿದ ದೇವದೂತೆಯಂತೂ ನೆರಿಗೆ ಲಂಗ ಹರಡಿಕೊಂಡು ಮರದ ನೆತ್ತಿಯ ಹತ್ತಿರವೇ ಕೂರುತ್ತಿತ್ತು. ಔಷಧಿ ಅಂಗಡಿಯ ಈ ಷಡ್ಡಕರು ಸಿಕ್ಕಾಗಲೆಲ್ಲ ತಾಳ್ಮೆಯ ಬಗ್ಗೆ ಒಂದು ಭಾಷಣ ಬಿಗಿಯುತ್ತಿದ್ದರು. ಅಂಗಡಿಯಲ್ಲಿ ಕೊಂಡ ಒಂದು ಗುಂಡು ಸೂಜಿ ಕೂಡ ಆ ಮರ ಹತ್ತಿಲ್ಲ ಎನ್ನುವುದು ಮನೆಯವರ ಹೆಮ್ಮೆ.

ಮೇಷ್ಟ್ರಿಗೆ ಬೇಕಿರಲಿಲ್ಲ ಎಂದಲ್ಲ, ತುಂಬ ಬೇಕಿತ್ತು. ಅವರು ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿ ಚಿಕ್ಕಪ್ಪನ ಮಕ್ಕಳು ಮರಕ್ಕೆ ನಕ್ಷತ್ರ ಕಟ್ಟುವಾಗ ಇವರು ಕೆಳಗೆ ನಿಂತು ಸ್ಟೂಲ್ ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದರು. ಯಾವ ಮರದ ಮೇಲೂ ಇದು ನನ್ನದು ಎನ್ನುವಂಥದ್ದು ಅವರಿಗೆ ಇರಲಿಲ್ಲ. ಬೇಕು ಅನ್ನುವುದು ಬೇರೆ, ಬರುವುದು ಬೇರೆ. ಮೇಷ್ಟ್ರು ಕತ್ತರಿ ಹಿಡಿದರೆ ಕಾಗದಕ್ಕೂ ಗಾಯ, ಬೆರಳಿಗೂ ಗಾಯ. ತಿಂಗಳಿಡೀ ಹೂಂ ಎಂದದ್ದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ.

ಬೇರೆ ಹೊತ್ತಿರಲಿಲ್ಲ. ಬಣ್ಣದ ಕಾಗದ, ಅಂಟು, ಕತ್ತರಿ, ಒಂದು ಪೊಟ್ಟಣ ಮಿನುಗು ಪುಡಿ ಕೊಂಡುಕೊಂಡು, ಪಾಠದ ನಡುವೆಯೇ ನಕ್ಷತ್ರ ಮಾಡುವುದೆಂದು ತೀರ್ಮಾನಿಸಿ ಕಾರು ಹತ್ತಿದರು.

ಬೆಳಗಿನ ಪಾಠ ನಿವೃತ್ತ ಹೆಡ್‌ಮಿಸ್ಸರದು. ಜೀವಮಾನವಿಡೀ ಇತರರ ತಪ್ಪು ಹಿಡಿದು ರೂಢಿಯಾದ ಅವರಿಗೆ ಎದುರಿನ ರಸ್ತೆಗಿಂತ ಪಕ್ಕದವರ ತೊಡೆಯ ಮೇಲಿನ ನಕ್ಷತ್ರವೇ ದೊಡ್ಡದಾಗಿ ಕಂಡಿತು. ಮೂಲೆ ಓರೆಯಾಗಿದೆ ಎಂದರು. ಹಾಗಲ್ಲ, ಉದ್ದಕ್ಕೆ ಮಡಚಿ ಎಂದರು. ರಸ್ತೆ ನೋಡಿ ಮೇಡಂ ಎಂದು ಮೇಷ್ಟ್ರು ಗೋಗರೆದರೂ ಕೇಳದೆ, ಒಂದು ಕೈ ಸ್ಟಿಯರಿಂಗಿನಿಂದ ತೆಗೆದು ನಕ್ಷತ್ರದ ಮೂಲೆ ಸರಿಪಡಿಸಲು ಚಾಚಿದರು. ಕಾರು ರಸ್ತೆ ಬಿಟ್ಟು ಯಾರದೋ ಮನೆಯ ಹೂಕುಂಡಗಳ ಕಡೆ ಮುಖ ಮಾಡಿತು. ಮೇಷ್ಟ್ರು ಬ್ರೇಕ್ ತುಳಿದರು. ಕುಂಡ ಉಳಿಯಿತು. ಪೊಟ್ಟಣ ಉಳಿಯಲಿಲ್ಲ. ಮಿನುಗು ಪುಡಿ ಗಾಳಿಗೆ ಹಾರಿ, ಇಬ್ಬರ ಮೇಲೂ ಸಾವಕಾಶವಾಗಿ ಇಳಿಯಿತು. ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿಕೊಂಡಾಗ ಕಣ್ಣ ಸುತ್ತ ಮಾತ್ರ ಎರಡು ಬೋಳು ವೃತ್ತಗಳು ಉಳಿದವು. ಮೇಷ್ಟ್ರ ಮೀಸೆಯಂತೂ ಮದುವೆ ಮಂಟಪದ ದೀಪದ ಸರದಂತಾಗಿತ್ತು.

“ನಿಮಗೆ ಏಕಾಗ್ರತೆ ಕಮ್ಮಿ ಮೇಷ್ಟ್ರೇ,” ಎಂದರು ಹೆಡ್‌ಮಿಸ್.

ಮಧ್ಯಾಹ್ನದ ಪಾಠ ಬೇಕರಿಯವರದು. ಅವರು ನಕ್ಷತ್ರವನ್ನೂ ಮೇಷ್ಟ್ರ ಮೀಸೆಯನ್ನೂ ನೋಡಿ ಮರುಗಿ, ಪಾಠ ಹಾಳಾಗಲಿ ಬಿಡಿ ಎಂದು ಕಾರನ್ನು ನೇರವಾಗಿ ತಮ್ಮ ಬೇಕರಿಗೇ ಓಡಿಸಿದರು. ನಕ್ಷತ್ರದಲ್ಲಿ ಕಾಗದಕ್ಕಿಂತ ಅಂಟೇ ಹೆಚ್ಚಾಗಿ, ಅದು ಮುಟ್ಟಿದವರನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ಅಂಟು ಒಣಗಬೇಕು ಅಷ್ಟೇ ತಾನೆ, ನನ್ನ ಓವನ್ ಇರುವುದು ಯಾಕೆ ಎಂದರು ಬೇಕರಿಯವರು. ಮೇಷ್ಟ್ರು ಬೇಡ ಎನ್ನುವಷ್ಟರಲ್ಲಿ ನಕ್ಷತ್ರ ಟ್ರೇ ಏರಿ ಒಳಗೆ ಹೋಗಿತ್ತು. ಅಷ್ಟರಲ್ಲಿ ಯಾರೋ ಕೇಕ್ ಕೇಳಿಕೊಂಡು ಬಂದರು. ಅದರ ಮೇಲೆ ಹೆಸರು ಬರೆದು, ಡಬ್ಬಿಗೆ ಹಾಕಿ, ದಾರ ಕಟ್ಟಿ ಕೊಟ್ಟು ಬರುವಷ್ಟರಲ್ಲಿ ನಕ್ಷತ್ರ ಚೆನ್ನಾಗಿಯೇ ಬೆಂದಿತ್ತು. ಹೊರಗೆ ತೆಗೆದಾಗ ಅದು ಸುಟ್ಟ ರಸ್ಕಿನಂತೆ ಗರಿಗರಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಪಾಪ, ಬೇಕರಿಯವರಿಗೆ ಎಷ್ಟು ಬೇಜಾರಾಯಿತೆಂದರೆ ಮೇಷ್ಟ್ರೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಹೊತ್ತು ಇಳಿಯುತ್ತಿತ್ತು. ಕಾಗದ ಮುಗಿದಿತ್ತು. ಮತ್ತೆ ಕಾಗದ ಕೊಳ್ಳಲು ಬಂದ ಅಂಗಡಿಯಲ್ಲಿ, ಗಲ್ಲಾದ ಮೇಲೆ ದಾರದಲ್ಲಿ ತೂಗಾಡುತ್ತಿದ್ದ ಬಿಳಿ ಹಕ್ಕಿಯೊಂದು ಮೇಷ್ಟ್ರ ಕಣ್ಣಿಗೆ ಬಿತ್ತು. ಅಂಗೈಯಷ್ಟು ದೊಡ್ಡದು. ರೆಕ್ಕೆಗೆ ಸಣ್ಣ ಸಣ್ಣ ಮಡಿಕೆ. ಬಾಗಿಲಿನಿಂದ ಗಾಳಿ ಬಂದಾಗ ಅದು ನಿಧಾನಕ್ಕೆ ತಿರುಗಿ ಇವರನ್ನೇ ನೋಡಿತು.

“ಅದು ಕೈಯಲ್ಲೇ ಮಾಡಿದ್ದು ಸಾರ್. ಇದೊಂದೇ ಉಳಿದಿರೋದು,” ಎಂದಳು ಅಂಗಡಿಯಾಕೆ.

ಕೈಯಲ್ಲೇ ಮಾಡಿದ್ದು. ಯಾರ ಕೈ ಅಂತ ಯಾರು ಕೇಳುತ್ತಾರೆ ಎಂದು ಮೇಷ್ಟ್ರ ಮನಸ್ಸು ಮೆಲ್ಲಗೆ ಹೇಳಿತು. ಅವರ ಇನ್ನೊಂದು ಮನಸ್ಸು ಬ್ರೇಕ್ ಹಾಕಲು ನೋಡಿತು. ಹಿಡಿಯಲಿಲ್ಲ.

ಸಂಜೆ ಅತ್ತೆಯ ಮನೆಯ ಬಾಗಿಲು ತೆರೆದ ಹೆಂಡತಿ, ತಲೆಯಿಂದ ಷೂವರೆಗೆ ಮಿನುಗುತ್ತಿದ್ದ ಗಂಡನನ್ನು ನೋಡಿ ಮೊದಲು ನಕ್ಕಳು. ಆಮೇಲೆ ಬೆರಳ ತುಂಬ ಅಂಟಿದ ಗೋಂದು, ಕತ್ತರಿಯ ಗಾಯ ಎಲ್ಲ ಕಂಡಾಗ ಅವಳ ಕಣ್ಣು ತುಂಬಿತು. ಇಷ್ಟೊಂದು ಕಷ್ಟಪಟ್ಟಿರಾ ಎಂದು ಸೆರಗಿನಿಂದ ಮೀಸೆ ಒರೆಸಿದಳು. ಅಷ್ಟು ಹೊತ್ತಿಗೆ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದ ಮೇಷ್ಟ್ರು ಮೆಲ್ಲಗೆ ಬಾಯಿ ಮುಚ್ಚಿಕೊಂಡರು.

ಹಕ್ಕಿ ಕೈಯಿಂದ ಕೈಗೆ ದಾಟಿತು. ಹೆಂಡತಿಯ ಅಕ್ಕ ಬೆರಗಾದರು. ಷಡ್ಡಕರು ಯಾಕೋ ತಾಳ್ಮೆಯ ಬಗ್ಗೆ ಏನೂ ಹೇಳದೆ ಕೆಮ್ಮಿದರು. ಕೊನೆಗೆ ಹಕ್ಕಿ ಅತ್ತೆಯ ಕೈ ಸೇರಿತು. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ರೆಕ್ಕೆ ಮಡಿಕೆ ಹೆಂಗೆ ಹಾಕಿದ್ರಿ ಅಳಿಯಂದ್ರೇ?”

“ಸ್ಕೇಲ್ ಇಟ್ಕೊಂಡು ಹಾಕ್ದೆ ಅತ್ತೆ.”

“ಸ್ಕೇಲಾ,” ಎಂದರು ಅತ್ತೆ. ಕೊಕ್ಕು ಇಷ್ಟು ಚೂಪಾಗಿ ಹೇಗೆ ಬಂತು ಎಂದು ಕೇಳಿದರು. ಮೇಷ್ಟ್ರು ಪೆನ್ಸಿಲ್ ಚೂಪು ಮಾಡುವುದರಲ್ಲಿ ಹಾಕಿ ತಿರುಗಿಸಿದೆ ಎಂದುಬಿಟ್ಟರು. ಅತ್ತೆ ತಲೆದೂಗಿ ಮರದ ಹತ್ತಿರ ಹೋದರು. ಮಾವನ ಚಂದ್ರನನ್ನು ಒಂದಿಷ್ಟು ಸರಿಸಿ, ಪಕ್ಕದ ಕೊಂಬೆಗೆ ಹಕ್ಕಿಯನ್ನು ತೂಗುಹಾಕಿ, “ಇದು ನಮ್ಮ ಚಿಕ್ಕ ಅಳಿಯಂದ್ರದು,” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಮರದ ಮೇಲೆ ತನ್ನದೊಂದು ತೂಗುತ್ತಿದೆ, ಅದೂ ತನ್ನದಲ್ಲ ಎಂದು ಮೇಷ್ಟ್ರು ನೆನೆದರು. ಆ ಚಪ್ಪಾಳೆ ಅವರಿಗೆ ಒಂದೊಂದಾಗಿ ಬೆನ್ನಿಗೆ ಬಿದ್ದಂತಾಯಿತು. ಅತ್ತೆ ಹಿಂದಿನ ಕೋಣೆಗೆ ಹೋದದ್ದನ್ನು ನೋಡಿ ಅವರೂ ಮೆಲ್ಲಗೆ ಹಿಂದೆಯೇ ಹೋದರು.

“ಅತ್ತೆ, ಆ ಹಕ್ಕಿ ನಾನು ಮಾಡಿದ್ದಲ್ಲ.”

“ಗೊತ್ತು,” ಎಂದರು ಅತ್ತೆ. “ಅದು ನಾನು ಮಾಡಿದ್ದು.”

ಮೇಷ್ಟ್ರು ಅಲ್ಲೇ ಇದ್ದ ಟ್ರಂಕಿನ ಮೇಲೆ ಕುಳಿತುಬಿಟ್ಟರು. ಅತ್ತೆ ಬಾಗಿಲು ಮುಂದೆ ಮಾಡಿ ಮೆಲುದನಿಯಲ್ಲಿ ಎಲ್ಲ ಹೇಳಿದರು. ಪ್ರತಿ ವರ್ಷ ಕ್ರಿಸ್‌ಮಸ್ ಬೆಳಿಗ್ಗೆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಂಚಕ್ಕೊಂದರಂತೆ ಅವರ ಹಕ್ಕಿ ಕಟ್ಟಬೇಕು. ಕಾಗದದ ಖರ್ಚಿಗೆಂದು ಕೆಲವನ್ನು ಅಂಗಡಿಗೆ ಕೊಡುತ್ತಾರೆ. ಕಣ್ಣಿನ ಆಪರೇಷನ್ ಆದ ಮೇಲೆ ಸೂಕ್ಷ್ಮ ಕೆಲಸ ಮಾಡಕೂಡದೆಂದು ಹೆಣ್ಣುಮಕ್ಕಳಿಬ್ಬರೂ ಸೇರಿ ಅವರ ಕತ್ತರಿಯನ್ನೇ ಬಚ್ಚಿಟ್ಟಿದ್ದರು. ಅಂದಿನಿಂದ ಎಲ್ಲ ಗುಟ್ಟಾಗಿ, ಹೆಣ್ಣುಮಕ್ಕಳಿಗೆ ಗುರುತು ಸಿಗದ ಹೊಸ ಮಾದರಿಯಲ್ಲಿ ನಡೆಯುತ್ತಿತ್ತು.

“ನಿಮ್ಮ ವಿಷಯ ನಾನು ಬಾಯಿ ಬಿಡಲ್ಲ, ನನ್ನ ವಿಷಯ ನೀವು ಬಿಡಬೇಡಿ,” ಎಂದರು. “ಆದ್ರೆ ಸುಮ್ನೆ ಅಲ್ಲ. ಭಾನುವಾರ ಮಧ್ಯಾಹ್ನ ಬಂದು ಕಲೀಬೇಕು. ನಿಮ್ಮದೇ ಒಂದು ಆಗೋವರೆಗೂ. ಆಮೇಲೆ ನನ್ನದನ್ನ ಇಳಿಸಿ ನಿಮ್ಮದನ್ನ ತೂಗುಹಾಕೋಣ. ಇವತ್ತು ಇನ್ನೂ ಎಂಟು ಹತ್ತು ಬಾಕಿ ಇವೆ, ಕೂತ್ಕೊಳ್ಳಿ.”

ಭಾನುವಾರ ಮಧ್ಯಾಹ್ನ ಮೇಷ್ಟ್ರು ನಿದ್ದೆ ಮಾಡುವ ಹೊತ್ತು, ವಾರಕ್ಕೆ ಅವರಿಗಿದ್ದ ಒಂದೇ ಸುಖ. ಆದರೂ ಹೂಂ ಎಂದರು.

ಅತ್ತೆ ಮಂಚದ ಆಚೆ ಬದಿಯ ಪರದೆ ಸರಿಸಿದರು. ಅಲ್ಲಿ ನೆಲದ ಮೇಲೆ, ತೊಡೆಯ ತುಂಬ ಬಿಳಿ ಕಾಗದ ಹರಡಿಕೊಂಡು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ರೆಕ್ಕೆ ಮಡಚುತ್ತಿದ್ದವರು ಷಡ್ಡಕರು. ಯಾವ ಮಾಯದಲ್ಲಿ ಒಳಗೆ ಬಂದರೋ. ಭಾನುವಾರ ಭಾನುವಾರ ಅತ್ತೆಯ ಮನೆಯ ನಲ್ಲಿ ರಿಪೇರಿಗೆಂದು ಅವರು ತಪ್ಪದೆ ಬರುವುದನ್ನು ಇಡೀ ಮನೆ ಕೊಂಡಾಡುತ್ತಿತ್ತು.

ಮೇಷ್ಟ್ರು ಅವರನ್ನು ನೋಡಿದರು. ಅವರು ಮೇಷ್ಟ್ರನ್ನು ನೋಡಲಿಲ್ಲ.

“ಹಾಗಾದ್ರೆ ಆ ದೇವದೂತೆ?”

“ಅದೇ ಅಂಗಡಿ,” ಎಂದರು ಷಡ್ಡಕರು ಕಾಗದಕ್ಕೆ.

ಮೇಷ್ಟ್ರು ಮೆಲ್ಲಗೆ ಅವರ ಪಕ್ಕ ಕುಳಿತರು. ಮೊದಲ ಮಡಿಕೆ ಹಾಕಿದರು. ಅದು ಓರೆಯಾಯಿತು. ಅತ್ತೆ ಅದನ್ನು ತೆಗೆದು ಬಿಡಿಸಿ, ಸವರಿ, ಇನ್ನೊಂದು ಸಲ ಎನ್ನುತ್ತಾ ಕೈಗೇ ವಾಪಸು ಕೊಟ್ಟರು.

“ಸ್ವಂತದ್ದೊಂದು ಮಾಡೋಕೆ ನಿಮಗೆ ಎಷ್ಟು ವರ್ಷ ಹಿಡೀತು?” ಎಂದು ಮೇಷ್ಟ್ರು ಪಿಸುಗುಟ್ಟಿದರು.

ಷಡ್ಡಕರು ತಮ್ಮ ಕೈಯಲ್ಲಿದ್ದ ಕುಂಟು ಹಕ್ಕಿಯನ್ನು ಒಮ್ಮೆ ದೀಪಕ್ಕೆ ಹಿಡಿದು ನೋಡಿ ನಿಟ್ಟುಸಿರಿಟ್ಟರು.

“ಇನ್ನೂ ಹಿಡೀತಾ ಇದೆ ಕಣ್ರೀ,” ಎಂದು, ಕೊಂಚ ಸರಿದು ಮೇಷ್ಟ್ರಿಗೆ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು.